ಗುಂಡಿಗೂ ರೊಟ್ಟಿಗೂ ಏನು ಸಂಬಂಧ

“ಗುಂಡಿಗೂ ರೊಟ್ಟಿಗೂ ಏನ್ ಸಂಬಂಧ ಅದ ಹೇಳ್ರಿ, ಅಕ್ಕಾರ?”

ಹುಬ್ಬಳ್ಳಿಯ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ನನಗೆ ಗುತ್ತಿಗೆದಾರನ ಪರ ವಕೀಲರು ಹೀಗೆ ಕೇಳಿದರು. ಧಾರವಾಡದವರು, ಮಾತು ಬೆಣ್ಣೆಯಂಥದು. ಬೈಯಬೇಕಾದರೂ ‘ರೀ’ ಹಚ್ಚಿಯೇ ಬೈಯುವ ಪೈಕಿ. ನಾನು ಹುಬ್ಬಳ್ಳಿಯವಳು, ಸಿಟ್ಟು ಬಂದರೆ ಸಿಟ್ಟಿನ ಧ್ವನಿಯಲ್ಲೇ ಹೇಳಿ ರೂಢಿಯಾದವಳು. ಆದರೆ ನಮ್ಮ ವಕೀಲರು ಮೊದಲೇ ತಾಕೀತು ಮಾಡಿದ್ದರು: ಕೇಳಿದ್ದಕ್ಕಷ್ಟೇ ಉತ್ತರ, ಹೆಚ್ಚಿಗೆ ಒಂದು ಮಾತೂ ಬೇಡ. ಹಾಗಾಗಿ “ಸಂಬಂಧ ಐತ್ರಿ” ಎಂದಷ್ಟೇ ಹೇಳಿ ಸುಮ್ಮನಾದೆ. ಆ ಸಂಬಂಧ ಏನೆಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಇಲ್ಲಿ ನನ್ನ ಬಾಯಿಗೆ ಬೀಗ ಹಾಕುವ ವಕೀಲರು ಯಾರೂ ಇಲ್ಲ.

ನಮ್ಮ ಮನೆ ಗಬ್ಬೂರ ಬೈಪಾಸ್ ಕಡೆ. ನಮ್ಮವರು ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ತೂಕ ನೋಡುತ್ತಾರೆ. ನಾನು ಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದೆ. ಕುಬಸ, ಮದುವೆ, ಗೃಹಪ್ರವೇಶ, ಪೇಟೆಯ ಖಾನಾವಳಿ, ಎಲ್ಲಿಂದ ಫೋನ್ ಬಂದರೂ ಹಂಚು ಒಲೆಯ ಮೇಲೆ ಏರುತ್ತಿತ್ತು. ಕಲಿಸಿದವರು ನಮ್ಮ ಅತ್ತೆ. ಕಲಿಸಿದರು ಎನ್ನುವುದಕ್ಕಿಂತ ಬೈದು ಬೈದು ನನ್ನ ಕೈಯನ್ನು ತಿದ್ದಿದರು ಎನ್ನುವುದು ಸರಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಡಿದ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದರಾಗ ಆ ಕಡಿ ಮಾರಿ ಕಾಣಸಬೇಕ. ನಿಂದ್ರಾಗ ಗ್ವಾಡಿ ಕಂಡಂಗ ಕಾಣತೈತಿ” ಎಂದು ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. ಮೂವತ್ತು ವರ್ಷ ಕಳೆದರೂ ಆ ಪರೀಕ್ಷೆ ನಿಂತಿರಲಿಲ್ಲ. ದಿನವೂ ಮೊದಲ ರೊಟ್ಟಿ ಬೆಳಕಿಗೆ ಹೋಗಲೇಬೇಕು, ಏನಾದರೊಂದು ಕೊರತೆ ಕಾಣಲೇಬೇಕು. ಹೊಗಳಿದರೆ ಸೊಸೆ ಕೆಡುತ್ತಾಳೆ ಎಂಬುದು ಅವರ ಸಿದ್ಧಾಂತ.

ರೊಟ್ಟಿ ಬಡಿಯುವುದನ್ನು ದೂರದಿಂದ ನೋಡಿದವರಿಗೆ ಅದು ಅಂಗೈ ಕೆಲಸ ಅನ್ನಿಸುತ್ತದೆ. ಅಲ್ಲ. ಅಂಗೈ ಬಡಿಯುತ್ತದೆ, ಅಷ್ಟೇ. ಹಿಟ್ಟನ್ನು ತಿರುಗಿಸುವುದು, ಅಂಚನ್ನು ತೆಳ್ಳಗೆ ಹರಡಿಸುವುದು, ಹರಿಯದಂತೆ ಎತ್ತಿ ಹಂಚಿಗೆ ಹಾಕುವುದು ಎಲ್ಲ ಮಣಿಕಟ್ಟಿನದು. ನನ್ನ ಬಲಗೈ ಮಣಿಕಟ್ಟು ಒಲೆಯ ಮುಂದೆ ನಾನು ಹೇಳದೆಯೇ ಕೆಲಸ ಮಾಡುತ್ತಿತ್ತು. ಬಾಯಿ ಅತ್ತೆಯ ಜತೆ ಜಗಳ ಆಡುತ್ತಿತ್ತು, ಕೈ ತನ್ನಷ್ಟಕ್ಕೆ ತಾನು ರೊಟ್ಟಿ ಮಾಡುತ್ತಿತ್ತು.

ಆ ದಿನ ಎರಡು ಓಣಿ ಆಚೆಗಿನ ಮನೆಯ ಬಸುರಿಗೆ ಕುಬಸ. ಮಧ್ಯಾಹ್ನ ಪೂರ್ತಿ ಒಲೆಯ ಮುಂದೆ ಕೂತಿದ್ದೆ, ಹೊರಗೆ ಏನಾಗುತ್ತಿದೆ ಎಂದು ನೋಡಿರಲಿಲ್ಲ. ಅದೇ ಮಧ್ಯಾಹ್ನ ಯಾವುದೋ ಕೇಬಲ್ ಹಾಕಲು ಗುತ್ತಿಗೆದಾರನ ಆಳುಗಳು ನಮ್ಮ ಓಣಿಯ ತಿರುವಿನಲ್ಲಿ ಆಳುದ್ದದ ಗುಂಡಿ ಅಗೆದು, ಸಂಜೆ ಆದೊಡನೆ ಸಲಿಕೆ ಹೆಗಲಿಗೆ ಹಾಕಿ ಹೋಗಿಬಿಟ್ಟಿದ್ದರು. ಸುತ್ತ ಹಗ್ಗವಿಲ್ಲ, ದೀಪವಿಲ್ಲ, ಒಂದು ಮುಳ್ಳಿನ ಟೊಂಗೆ ಕೂಡ ಇಲ್ಲ. ಮುಸ್ಸಂಜೆ, ಕರೆಂಟು ಹೋಗಿತ್ತು. ರೊಟ್ಟಿಯ ಗಂಟನ್ನು ಎದೆಗೆ ಅವುಚಿಕೊಂಡು ಹೊರಟವಳು ನೇರ ಗುಂಡಿಯೊಳಗೆ ಹೋದೆ.

ಬಿದ್ದವಳು ಮೊದಲು ಕೂಗಿದ್ದು “ರೊಟ್ಟಿ! ರೊಟ್ಟಿ!” ಎಂದು. ಓಣಿಯವರು ಇಂದಿಗೂ ಅದನ್ನು ಹೇಳಿ ನಗುತ್ತಾರೆ. ಕೈ ಎತ್ತಲು ಹೋದಾಗಲೇ ಅದು ನನ್ನ ಮಾತು ಕೇಳುತ್ತಿಲ್ಲ ಎಂದು ಗೊತ್ತಾದದ್ದು. ಮೇಲೆ ಎತ್ತಿ ಕೂರಿಸಿದ ಮೇಲೆ ಗುತ್ತಿಗೆದಾರನ ಮೇಸ್ತ್ರಿ ಎಲ್ಲಿಂದಲೋ ಬಂದು, “ನೋಡ್ಕೊಂಡ ನಡೀಬೇಕಲ್ರಿ, ಅಕ್ಕಾರ” ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನೇ ಡೊಂಕು ಮಾಡಿಟ್ಟು ನನಗೆ ಕುಣಿಯಲು ಬರುವುದಿಲ್ಲ ಎಂದ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮಣಿಕಟ್ಟಿನ ಎಲುಬು ಚೂರಾಗಿ, ಕೀಲಿನವರೆಗೆ ಬಿರುಕು ಹೋಗಿದೆ ಎಂದರು. ಪ್ಲಾಸ್ಟರ್ ಹಾಕಿ ಕಳಿಸಿದರು. ಕೆಲವೇ ದಿನಗಳಲ್ಲಿ ಬೆರಳುಗಳು ಬಾತು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ನೋವು ಶುರುವಾಯಿತು. ಮತ್ತೆ ಆಸ್ಪತ್ರೆಗೆ ಹೋದರೆ ಡಾಕ್ಟರು ಊರಲ್ಲಿರಲಿಲ್ಲ, ನರ್ಸಮ್ಮ ಮಾತ್ರೆ ಕೊಟ್ಟು ತಾಳಿಕೊಳ್ಳಿ ಎಂದರು. ನಾನು ತಾಳಿಕೊಂಡೆ. ನಮ್ಮ ಅತ್ತೆ ತಾಳಿಕೊಳ್ಳಲಿಲ್ಲ.

ನಮ್ಮ ಕಡೆ ಎಲುಬು ಮುರಿದರೆ ಜನ ಏನು ಮಾಡುತ್ತಾರೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಕಾಲು ಆಸ್ಪತ್ರೆಯಲ್ಲಿ, ಒಂದು ಕಾಲು ಎಲುಬು ಕಟ್ಟುವವರ ಅಂಗಳದಲ್ಲಿ. ಎಕ್ಸ್‌ರೇ ಇವರ ಹತ್ತಿರ, ಕಟ್ಟು ಅವರ ಹತ್ತಿರ. ಮುಗದದ ಕಡೆ ಒಂದು ಹಳ್ಳಿಯಲ್ಲಿ ಅಂಥವರೊಬ್ಬರಿದ್ದರು. ಅತ್ತೆಯ ಅಣ್ಣನ ಕಾಲು ಕೂಡಿಸಿದ್ದು ಅವರ ಅಪ್ಪ. ನೆರೆಮನೆಯ ಹುಡುಗಿಯ ಮೊಣಕೈ ಕೂಡಿಸಿದ್ದು ಅವರೇ. ಹೋಗುವಾಗ ಕೋಳಿ ತತ್ತಿ ನಾವೇ ಒಯ್ಯಬೇಕು, ಅದರ ಬಿಳಿ ಲೋಳೆಯಲ್ಲಿ ಸೊಪ್ಪಿನ ರಸ ಕಲಸಿ ಬಟ್ಟೆಗೆ ಹಚ್ಚಿ ಕಟ್ಟುವುದು ಅವರ ಪದ್ಧತಿ. ನಮ್ಮ ಮನೆಯಲ್ಲಿ ತತ್ತಿ ಎನ್ನುವ ಮಾತನ್ನೂ ಮೆಲ್ಲಗೆ ಆಡಬೇಕು. ಮುಂಜಾನೆ ಲಿಂಗಪೂಜೆ ಆಗದೆ ನೀರು ಕುಡಿಯದ, ತತ್ತಿ ಮಾರುವ ಅಂಗಡಿಯಲ್ಲಿ ಬೆಲ್ಲ ಕೂಡ ಕೊಳ್ಳದ ನಮ್ಮ ಅತ್ತೆ ಆ ದಿನ ಯಾರನ್ನೂ ಕಳಿಸಲಿಲ್ಲ. ಹಣೆಯ ವಿಭೂತಿಯ ಸಮೇತ ತಾವೇ ಹೋಗಿ ತತ್ತಿ ತಂದರು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಬಸ್ಸು ಕುಲುಕಿದಾಗಲೆಲ್ಲ ಒಂದು ಕೈ ನನ್ನ ತೋಳಿಗೆ, ಇನ್ನೊಂದು ಕೈ ಆ ಗಂಟಿಗೆ ಹಿಡಿಯುತ್ತಿದ್ದರು.

ಆ ಹಿರಿಯರು ಪ್ಲಾಸ್ಟರ್ ಬಿಚ್ಚಿದರು, ಎಳೆದು ಕೂಡಿಸಿದರು, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ನೋವು ಇಳಿಯಿತು. ಆದರೆ ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಮಣಿಕಟ್ಟು ಸೊಟ್ಟಗೆ ಕೂತಿತ್ತು. ಅಂಗೈ ಮೇಲಾಗಿ ತಿರುಗಲೊಲ್ಲದು. ಮುಷ್ಟಿ ಅರ್ಧಕ್ಕೆ ನಿಂತುಬಿಡುತ್ತದೆ. ತುತ್ತು ಬಾಯಿಗೆ ಹೋಗುತ್ತದೆ, ಕೊಡ ಏಳುವುದಿಲ್ಲ, ರೊಟ್ಟಿಯಂತೂ ಮುಗಿದೇಹೋಯಿತು.

“ಆಗಿದ್ದ ಆತು, ಬಿಡು” ಎಂದರು ನಮ್ಮವರು. ನಾನು ಬಿಡುವವಳಲ್ಲ. ದೇವರು ಮುರಿದಿದ್ದರೆ ಬಿಡುತ್ತಿದ್ದೆ. ಹಗ್ಗ ಕಟ್ಟಲು ಸೋಮಾರಿತನ ಮಾಡಿದವನು ಮುರಿದದ್ದನ್ನು ಯಾಕೆ ಬಿಡಲಿ? ದಾವೆ ಹಾಕಿಸಿದೆ. ಹಾಕಿದ ಮೇಲೆ ಗೊತ್ತಾಯಿತು, ಗುಂಡಿ ಗುತ್ತಿಗೆದಾರನೇ ಅಗೆಸಿದ್ದು ಎಂದು ತೋರಿಸುವುದು ಸುಲಭ, ಆ ಗುಂಡಿಯಿಂದಲೇ ನನ್ನ ಕೈ ಹೋಯಿತು ಎಂದು ತೋರಿಸುವುದು ಬಲು ಕಷ್ಟ. ಅವರ ಉತ್ತರದಲ್ಲಿ ಏನೇನಿರಲಿಲ್ಲ! ಗಂಟು ಎದೆಗೆ ಅವುಚಿದ್ದರಿಂದ ನನಗೆ ಕಾಲಡಿ ಕಾಣಲಿಲ್ಲವಂತೆ. ನನಗೆ ಸಕ್ಕರೆ ಕಾಯಿಲೆ ಇದೆಯಂತೆ, ಅದಕ್ಕೇ ಎಲುಬು ಅಷ್ಟು ಚೂರಾಯಿತಂತೆ, ಬೇರೆಯವರಾಗಿದ್ದರೆ ತರಚು ಗಾಯವಷ್ಟೇ ಆಗುತ್ತಿತ್ತಂತೆ. ಗಟ್ಟಿ ಎಲುಬಿನವರು ಮಾತ್ರ ಈ ಓಣಿಯಲ್ಲಿ ನಡೆಯಬೇಕು ಎಂದು ಬೋರ್ಡಾದರೂ ಹಾಕಿದ್ದರೇ ಎಂದು ನಾನು ನಮ್ಮ ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆ ಮಾತಿಗೆ ಕಾನೂನೂ ನಮ್ಮ ಕಡೆಗೇ ಇದೆ ಎಂದರು. ಏಟು ಕೊಟ್ಟವನು ಏಟು ತಿಂದವನನ್ನು ಅವನು ಇದ್ದ ಹಾಗೆಯೇ ಒಪ್ಪಿಕೊಳ್ಳಬೇಕಂತೆ, ಗಟ್ಟಿ ಆಳನ್ನು ಆರಿಸಿಕೊಳ್ಳುವ ಹಾಗಿಲ್ಲವಂತೆ. ಕಾನೂನಿನ ಮೇಲೆ ನನಗೆ ಸ್ವಲ್ಪ ಪ್ರೀತಿ ಹುಟ್ಟಿದ್ದು ಆವತ್ತೇ. ಅದು ಬಹಳ ದಿನ ಬಾಳಲಿಲ್ಲ.

ಪಾಟಿ ಸವಾಲಿನ ಮೊದಲ ದಿನ ಅತ್ತೆ ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಎಂಬತ್ತು ದಾಟಿದ ಜೀವ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ರೊಟ್ಟಿಗೂ ಗುಂಡಿಗೂ ಏನು ಸಂಬಂಧ ಎಂದು ಕೇಳಿದ ಆ ವಕೀಲರು ಆಮೇಲೆ ಮೆಲ್ಲಗೆ ಬೇರೆ ದಾರಿ ಹಿಡಿದರು.

“ಆಸ್ಪತ್ರ್ಯಾಗ ಹಾಕಿದ ಪ್ಲಾಸ್ಟರ್ ಯಾರು ಬಿಚ್ಚಿದ್ರು?”

“ಎಲುಬು ಕಟ್ಟವ್ರು.”

“ಡಾಕ್ಟರು ಬಿಚ್ಚಲಿಕ್ಕೆ ಹೇಳಿದ್ರೇನು?”

“ಇಲ್ಲರಿ.”

“ಅಲ್ಲಿಗೆ ನಿಮ್ಮನ್ನ ಕರಕೊಂಡು ಹೋದವರು ಯಾರು? ನಮ್ಮ ಕಕ್ಷಿದಾರರೇನು?”

“ನಮ್ಮ ಅತ್ತಿ ರಿ.”

“ಹಂಗಾದ್ರ ಗುಂಡಿ ಮುರದದ್ದು ಎಲುಬು. ಎಲುಬು ಇವತ್ತಿಲ್ಲ ನಾಳೆ ಕೂಡತದ. ಕೈ ಕೆಡಿಸಿದವರು ನಿಮ್ಮ ಮನಿಯವರು. ಹೌದಲ್ರಿ?”

ಅಲ್ಲ ಎಂದೆ. ಆ ‘ಅಲ್ಲ’ವನ್ನು ಬರೆಸಿಕೊಂಡು, ಉಳಿದದ್ದು ಮುಂದಿನ ತಾರೀಕಿಗೆ ಎಂದು ನ್ಯಾಯಾಧೀಶರು ಮುಂದಿನ ಕೇಸು ಕರೆಸಿದರು. ತಿರುಗಿ ನೋಡಿದರೆ ಕೊನೆಯ ಬೆಂಚಿನಲ್ಲಿ ಅತ್ತೆ ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದರು. ಮನೆಗೆ ಬಂದು ಕಾಲು ತೊಳೆದು ಮೂಲೆಗೆ ಕೂತರು.

“ನಿನ್ನ ಕೈ ನಾನ ಕಳದೆ” ಎಂದರು ರಾತ್ರಿ ಊಟಕ್ಕೆ ಕರೆದಾಗ.

“ಹುಚ್ಚರಂಗ ಮಾತಾಡಬ್ಯಾಡ್ರಿ, ಅತ್ತಿ.”

“ಕೋರ್ಟನ್ಯಾಗ ಹೇಳಿದ್ರಲ್ಲ. ಅಷ್ಟ ಓದಿದಾವ್ರು ಸುಳ್ಳ ಹೇಳ್ತಾರೇನ?”

ಆ ದಿನದಿಂದ ನಮ್ಮ ಮನೆಯಲ್ಲಿ ಬೈಗುಳ ನಿಂತಿತು. ಇದನ್ನು ಓದುವ ಸೊಸೆಯಂದಿರು ಎಂಥ ಪುಣ್ಯ ಎಂದುಕೊಳ್ಳಬಹುದು. ನಾನೂ ಮೊದಲೆರಡು ದಿನ ಹಾಗೇ ಅಂದುಕೊಂಡೆ. ನಾನು ಎಡಗೈಯಲ್ಲಿ ಹೇಗೋ ಬಡಿದು ಸುಟ್ಟ, ಒಂದು ಕಡೆ ದಪ್ಪ ಒಂದು ಕಡೆ ತೂತಾದ ರೊಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿಯದೆ, ತಲೆ ತಗ್ಗಿಸಿ, ಮುರಿದು, ಪಲ್ಯದಲ್ಲಿ ಅದ್ದಿ ನುಂಗುತ್ತಿದ್ದರು. ಹಾಲು ಉಕ್ಕಿದರೆ ಮಾತಿಲ್ಲ, ಬಾಗಿಲ ಮುಂದೆ ನೀರು ಹಾಕುವುದು ತಡವಾದರೆ ಮಾತಿಲ್ಲ. ತಮ್ಮ ತಾಟು ತಾವೇ ತೊಳೆದಿಡುತ್ತಿದ್ದರು, ಬೇರೆಯವರ ಮನೆಗೆ ಬಂದವರ ಹಾಗೆ. ನನಗೆ ಭಯವಾಯಿತು. ಕೈ ಹೋದಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ.

ಅಷ್ಟರಲ್ಲಿ ಆ ಕಡೆಯಿಂದ ರಾಜಿಯ ಮಾತು ಬಂತು. ನಮ್ಮ ವಕೀಲರು ನನ್ನನ್ನೂ ನಮ್ಮವರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಒಳ್ಳೆಯ ಮನುಷ್ಯ, ಕಟ್ಟಿಗೆ ಸೀಳಿದಂತೆ ಮಾತು.

“ನೋಡವಾ, ಯಾರೋ ತಪ್ಪ ಮಾಡ್ತಾರ, ಅದರಿಂದ ಒಂದ ಆಗತೈತಿ, ಅದರಿಂದ ಇನ್ನೊಂದ. ಇದೊಂದ ಸರಪಳಿ ಇದ್ದಂಗ. ಜಗತ್ತಿನ ಕೊನಿತನಾ ಹೊಣಿ ಹೊರಸಾಕ ಬರೂದಿಲ್ಲ. ಎಲ್ಲ್ಯಾರ ಒಂದ ಕಡೆ ಕಡೀಬೇಕ. ಮುಂದಿಂದು ದೂರದ ನಷ್ಟ ಅಂತ ಬಿಡಬೇಕ. ಅವರು ಪ್ಲಾಸ್ಟರ್ ಬಿಚ್ಚಿದಲ್ಲಿ ಕಡೀರಿ ಅಂತಾರ. ಎಲುಬು ಮುರದದ್ದಕ್ಕ, ಆಸ್ಪತ್ರಿಗೆ ಅವರು ಕೊಡ್ತಾರ. ಕೈ ಸೊಟ್ಟ ಆದದ್ದು ಮನ್ಯಾಗಿನವರು ಪ್ಲಾಸ್ಟರ್ ತೆಗಸಿದ್ದಕ್ಕ ಅಂತ ನೀ ಒಪ್ಪಿ ಸಹಿ ಮಾಡಬೇಕ. ಕೈಯಾಗ ಬಂದದ್ದ ತಗೊಂಡ ಮನಿಗೆ ಹೋಗು.”

ನಮ್ಮವರು ನನ್ನ ಮುಖ ನೋಡಿದರು. ಅವರಿಗೆ ಒಪ್ಪಿಗೆಯಿತ್ತು, ಹೇಳಲು ಧೈರ್ಯವಿರಲಿಲ್ಲ.

ಸರಪಳಿ ಎಲ್ಲಿಯಾದರೂ ಕಡಿಯಬೇಕು, ಒಪ್ಪಿದೆ. ನಾನೇನು ಪೆದ್ದಿಯಲ್ಲ. ಗುಂಡಿ ಅಗೆದವನು ಲೋಕದ ಎಲ್ಲ ಕಷ್ಟಕ್ಕೂ ಹೊಣೆಯಲ್ಲ. ಆದರೆ ಕೊಡಲಿ ಹಿಡಿದವರು ಅದನ್ನು ಎಲ್ಲಿ ಇಳಿಸುತ್ತಾರೆ ಎಂದು ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೇನೆ. ಕೂಸಿಗೆ ಜ್ವರ ಬಂದರೆ ತಾಯಿ ತಂಪು ತಿಂದದ್ದು ಕಾರಣ. ಗಂಡ ಕುಡಿದರೆ ಹೆಂಡತಿಯ ಬಾಯಿ ಕಾರಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸರಪಳಿ ಎಷ್ಟೇ ಉದ್ದವಿರಲಿ, ಅದನ್ನು ಕಡಿಯುವುದು ಮಾತ್ರ ಹತ್ತಿರದಲ್ಲಿ ಸಿಗುವ ಹೆಂಗಸಿನ ಬಳಿಯಲ್ಲೇ. ಅವಳಿಂದ ಹಿಂದೆ ಹೋಗಿ, ಸಲಿಕೆ ಹಿಡಿದವನ ತನಕ ನಡೆಯುವ ತ್ರಾಸು ಯಾರಿಗೂ ಬೇಡ.

ನನಗೆ ಇದು ಪುಸ್ತಕದ ಮಾತಲ್ಲ. ನಾನು ಮದುವೆಯಾಗಿ ಬಂದ ತಿಂಗಳೇ ಮಾವನವರು ಹತ್ತಿ ತುಂಬಿಟ್ಟಿದ್ದ ವಖಾರಕ್ಕೆ ಬೆಂಕಿ ಬಿತ್ತು. ಆಗ ಸ್ವಂತ ವ್ಯಾಪಾರ ಇತ್ತು, ಆ ಬೆಂಕಿಯಲ್ಲೇ ಅದು ಮುಗಿಯಿತು. ಶಿರಗುಪ್ಪಿಯಿಂದ, ಎಲ್ಲೆಲ್ಲಿಂದಲೋ ನೆಂಟರು ಬಂದು ಪಡಸಾಲೆಯಲ್ಲಿ ಕೂತರು. ಹೆಣ ಇಲ್ಲದ ಸಾವಿನ ಮನೆಯಂತಿತ್ತು. ನಾನು ಅಡುಗೆಮನೆಯ ಬಾಗಿಲ ಹಿಂದೆ, ಕೈಯಲ್ಲಿ ಇನ್ನೂ ಹಸಿರು ಬಳೆ. ಮಾವನವರ ಸೋದರತ್ತೆಯೊಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಹೊಸಾ ಸೊಸಿ ಕಾಲ್ಗುಣ ನೋಡ್ರಿ. ಹೊಸ್ತಲಾ ದಾಟಿದ್ಲು, ವಖಾರ ಬೂದಿ ಆತು.” ಯಾರೂ ಇಲ್ಲ ಎನ್ನಲಿಲ್ಲ. ಗಂಡಸರು ನೆಲ ನೋಡಿದರು. ಸುಮ್ಮನಿದ್ದವರ ಆ ಒಪ್ಪಿಗೆ ಇನ್ನೂ ನನ್ನ ಕಿವಿಯಲ್ಲಿದೆ. ತವರಿಗೆ ಹೇಗೆ ಮುಖ ತೋರಿಸಲಿ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಆಗ ನಮ್ಮ ಅತ್ತೆ ಎದ್ದರು. ಆ ತಿಂಗಳು ಪೂರ್ತಿ ನನ್ನ ರೊಟ್ಟಿಯನ್ನು, ನನ್ನ ನಡಿಗೆಯನ್ನು, ನಾನು ಮುಸುರೆ ತಿಕ್ಕುವ ರೀತಿಯನ್ನು ಬೈದದ್ದೇ ಬೈದದ್ದು. ಅದೇ ಬಾಯಿಯಿಂದ ಹೇಳಿದರು.

“ವಖಾರಕ್ಕ ಬೆಂಕಿ ಹತ್ತಿದ್ದು ಯಾವನೋ ಸೇದಿ ಒಗದ ಬೀಡಿಯಿಂದ. ಬೀಡಿ ಸೇದಬ್ಯಾಡ್ರೋ ಅಂತ ಹೇಳಾಕ ಅಲ್ಲಿ ಒಬ್ಬ ಗಂಡಸೂ ಇರಲಿಲ್ಲ. ನನ್ನ ಸೊಸಿ ಕಾಲಾಗ ಕಡ್ಡಿಪೆಟ್ಟಿಗಿ ಐತೇನ? ಇದ್ರ ತೋರಸ್ರಿ. ಇಲ್ಲಾಂದ್ರ ಚಾ ಕುಡದು ಎದ್ದ ಹೋಗ್ರಿ.”

ನೆಂಟರು ಚಹಾ ಕುಡಿಯದೆಯೇ ಎದ್ದು ಹೋದರು. ಅತ್ತೆ ಒಳಗೆ ಬಂದು, ಅಳುತ್ತಿದ್ದ ನನ್ನನ್ನು ನೋಡಿ, “ಅತ್ತಿದ್ದ ಸಾಕ, ಒಲಿ ಆರೇತಿ ನೋಡು” ಎಂದರು. ಅದಾದ ಮೇಲೆ ಕಾಲ್ಗುಣ ಎನ್ನುವ ಶಬ್ದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲ ಬಂದಾಗ ಅತ್ತೆಯ ತಲೆಯ ಮೇಲೆ ತಪ್ಪು ಹೊರಿಸಿ, ಅದಕ್ಕೆ ಸಹಿ ಮಾಡಿ, ಮೇಲೆ ದುಡ್ಡೂ ತೆಗೆದುಕೊಳ್ಳುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ! ವಕೀಲರ ಮೇಜಿನ ಮೇಲೆ ರಾಜಿಯ ಕಾಗದ ಇತ್ತು. ನಾನು ಅದನ್ನು ಎಡಗೈಯಿಂದ ಅವರ ಕಡೆಗೇ ಸರಿಸಿದೆ.

“ಇದರಾಗ ನಮ್ಮ ಅತ್ತಿ ನನ್ನ ಕೈ ಮುರದ್ರು ಅಂತ ಐತ್ರಿ. ನಾ ಸಹಿ ಮಾಡೂದಿಲ್ಲ.”

“ಹಂಗ ಬರದಿಲ್ಲವಾ. ಪ್ಲಾಸ್ಟರ್...”

“ನನಗ ಹಂಗs ಕಾಣತೈತ್ರಿ. ಅವರಿಗೂ ಹಂಗs ಕಾಣತೈತಿ.”

“ಸೋತ್ರ ಏನೂ ಸಿಗೂದಿಲ್ಲ.”

“ಸೋಲೋಣಲ್ರಿ. ಸೋತ್ರ ನಾ ಒಬ್ಬಾಕಿ ಸೋಲತೇನಿ. ಸಹಿ ಮಾಡಿದ್ರ ಮನ್ಯಾಗಿನ ಮುದುಕಿ ಸೋಲತಾಳ.”

ನಮ್ಮವರು ಆಗ ಮೊದಲ ಸಲ ಬಾಯಿಬಿಟ್ಟು, “ಆಕಿ ಹೇಳಿದ್ದ ಖರೇ ಐತ್ರಿ ಸಾಹೇಬ್ರ” ಎಂದರು. ತಮ್ಮ ತಾಯಿಯ ಮಾತು ಬಂದಾಗಲಾದರೂ ಬಾಯಿ ಬಂತಲ್ಲ ಎಂದುಕೊಂಡೆ. ಆದರೂ ಆ ಮಾತಿಗಾಗಿ ಅವರ ಹಳೆಯ ಎಷ್ಟೋ ಮೌನಗಳನ್ನು ಮಾಫಿ ಮಾಡಿದೆ.

ಮುಂದಿನ ತಾರೀಕಿಗೆ ಅತ್ತೆ ಬರುವುದಿಲ್ಲ ಎಂದರು. ನಾನು ಬಿಡಲಿಲ್ಲ. ನೀವು ಬರದಿದ್ದರೆ ನಾನೂ ಹೋಗುವುದಿಲ್ಲ ಎಂದು ಕರೆದುಕೊಂಡು ಹೋಗಿ ಅದೇ ಕೊನೆಯ ಬೆಂಚಿನಲ್ಲಿ ಕೂರಿಸಿದೆ. ಆ ದಿನ ಧಾರವಾಡದ ವಕೀಲರು ಇನ್ನೂ ಖುಷಿಯಲ್ಲಿದ್ದರು.

“ಗುಂಡಿ ಇರದಿದ್ರ ಕೈ ಮುರೀತಿರಲಿಲ್ಲ ಅಂತೀರಿ. ಆತು. ಕುಬಸ ಇರದಿದ್ರ ನೀವು ಹೊರಗ ಬರ್ತಿದ್ದಿಲ್ಲ. ಹಂಗಾದ್ರ ಕುಬಸ ಮಾಡಿದವರೂ ಕಾರಣ ಏನು? ಕರೆಂಟ್ ಹೋಗದಿದ್ರ ಗುಂಡಿ ಕಾಣತಿತ್ತು. ಅದೂ ಕಾರಣ ಏನು? ಹಿಂಗ ಹೋದ್ರ ಎಲ್ಲಿಗೆ ನಿಲ್ಲಬೇಕ್ರಿ, ಅಕ್ಕಾರ?”

ಕೇಳಿದ್ದಕ್ಕಷ್ಟೇ ಉತ್ತರ ಎಂದು ನಮ್ಮ ವಕೀಲರು ಕಣ್ಣಲ್ಲೇ ಹೇಳುತ್ತಿದ್ದರು. ನಾನು ಅವರ ಕಡೆ ನೋಡುವುದನ್ನು ಬಿಟ್ಟೆ.

“ನೀವು ಎಲ್ಲಿ ನಿಲ್ಲಬೇಕ ಅಂತ ಕೇಳಿದ್ರಿ, ಹೇಳತೇನಿ. ಕುಬಸ ಮಾಡಿದವರು ತಪ್ಪ ಮಾಡಿಲ್ಲರಿ, ಬಸರಿಗೆ ಉಣ್ಣಾಕ ನೀಡಿದ್ರು. ಕರೆಂಟು ದಿನಾ ಹೋಗತೈತಿ, ಅದು ಗುತ್ತಿಗೆದಾರ್ರಿಗೂ ಗೊತ್ತೈತಿ. ಅದಕ್ಕs ಗುಂಡಿಗೆ ದೀಪ ಇಡಬೇಕಾಗಿತ್ತು. ಎಲುಬು ಮುರದ್ರ ಈ ಕಡೆ ಮಂದಿ ಕಟ್ಟಸಾಕ ಹೋಗತಾರ, ಅದೂ ಅವರಿಗೆ ಗೊತ್ತೈತಿ. ಇಲ್ಲಿ ಕುಂತಾವ್ರಿಗೆಲ್ಲಾ ಗೊತ್ತೈತಿ. ನಿಮ್ಮ ಮನ್ಯಾಗ ಯಾರೂ ಹೋಗಿಲ್ಲೇನ್ರಿ?”

“ಸಾಕ್ಷಿ ಪ್ರಶ್ನೆ ಕೇಳೂ ಹಂಗಿಲ್ಲ” ಎಂದರು ಅವರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ತಲೆ ಎತ್ತಿ ನೋಡಿದರು, ಬೈಯಲಿಲ್ಲ.

“ನಮ್ಮ ಅತ್ತಿ ತತ್ತಿ ಮುಟ್ಟಾವ್ರಲ್ಲರಿ ಸಾಹೇಬ್ರ” ಎಂದು ನಾನು ನ್ಯಾಯಾಧೀಶರ ಕಡೆ ತಿರುಗಿದೆ. ಇನ್ನು ನಿಲ್ಲಿಸಿದರೆ ಜನ್ಮದಲ್ಲಿ ಹೇಳಲಾರೆ ಅನ್ನಿಸಿತು. “ನನ್ನ ನೋವು ನೋಡಲಾರದ ತತ್ತಿ ತಂದು ಸೆರಗನ್ಯಾಗ ಕಟಗೊಂಡು ನನ್ನ ಕರಕೊಂಡ ಹೋದ್ರು. ಇವರು ಹೇಳತಾರ, ನಿಮ್ಮ ಅತ್ತೀನs ಕೈ ಕೆಡಿಸಿದ್ರು ಅಂತ. ಆ ಗುಂಡಿ ಅಗಿಯೂ ಮುಂದ ನಮ್ಮ ಅತ್ತಿ ಕೈಯಾಗ ಸಲಿಕಿ ಇತ್ತೇನ್ರಿ? ಇದ್ರ ತೋರಸ್ರಿ. ನಾ ಈಗಿಂದೀಗ ದಾವೆ ಹಿಂದ ತಗೋತೇನಿ.”

ಸಭಾಂಗಣ ಒಂದು ಕ್ಷಣ ಮೌನವಾಯಿತು ಎಂದೆಲ್ಲ ಬರೆಯುವ ಆಸೆ ನನಗೂ ಇದೆ. ಹಾಗೇನೂ ಆಗಲಿಲ್ಲ. ಫ್ಯಾನು ಕಟಕಟ ಅನ್ನುತ್ತಿತ್ತು, ಹೊರಗೆ ಯಾರದೋ ಕೇಸಿನ ಕೂಗು ಕೇಳುತ್ತಿತ್ತು. ನಾನು ಆಡಿದ್ದರಲ್ಲಿ ಅರ್ಧ ಬರೆಸಿಕೊಂಡರು, ಅರ್ಧ ಬಿಟ್ಟರು. ಕೊನೆಯ ಬೆಂಚಿನತ್ತ ನೋಡಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ಆ ದೂರದಿಂದ ಗೊತ್ತಾಗಲಿಲ್ಲ.

ಆಮೇಲೆ ಡಾಕ್ಟರು ಬಂದು ಸಾಕ್ಷಿ ನುಡಿದರು. ಪ್ಲಾಸ್ಟರ್ ತೆಗೆಸಿದ್ದು ಸರಿಯಲ್ಲ ಎಂದರು, ಅದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಕೀಲಿನವರೆಗೆ ಚೂರಾದ ಎಲುಬು ಪ್ಲಾಸ್ಟರಿನಲ್ಲೇ ಇದ್ದರೂ ಮೊದಲಿನಂತೆ ಕೂಡುತ್ತಿತ್ತು ಎಂದು ಹೇಳಲಾಗದು ಎಂದೂ ಹೇಳಿದರು. ಬಾತ ಕೈ ಹಿಡಿದುಕೊಂಡು ಬಂದವಳಿಗೆ ಆ ದಿನ ಮಾತ್ರೆ ಮಾತ್ರ ಸಿಕ್ಕಿತ್ತು ಎಂಬುದನ್ನೂ ಒಪ್ಪಿಕೊಂಡರು. ನೇರವಾದ ಮನುಷ್ಯ.

ತೀರ್ಪು ಬರುವ ಹೊತ್ತಿಗೆ ಆ ಗುಂಡಿ ಮುಚ್ಚಿ, ಡಾಂಬರು ಹಾಕಿ, ಅದೇ ಜಾಗವನ್ನು ಇನ್ಯಾರೋ ಇನ್ಯಾವುದಕ್ಕೋ ಮತ್ತೆ ಅಗೆದು, ಮತ್ತೆ ಮುಚ್ಚಿದ್ದರು. ತೀರ್ಪಿನಲ್ಲಿ ನಾನು ಕೇಳಿದ್ದೆಲ್ಲ ಸಿಗಲಿಲ್ಲ. ಧಾರವಾಡದಲ್ಲಿ ಒಂದು ರೊಟ್ಟಿ ಅಂಗಡಿ ಇಡಬೇಕೆಂದು ಬೀಳುವ ಮೊದಲೇ ಜಾಗ ನೋಡಿ ಬಂದಿದ್ದೆ, ಹಂಚು ಯಾವ ಕಿಟಕಿಯ ಕೆಳಗೆ ಇರಬೇಕು ಎಂಬುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅದು ಹೋದ ನಷ್ಟವನ್ನೂ ಕೊಡಿಸಿ ಎಂದಿದ್ದೆ. ಅದು ದೂರದ ನಷ್ಟ, ಗುಂಡಿ ಅಗೆದವನಿಗೆ ಊಹೆಗೆ ಸಿಗುವಂಥದಲ್ಲ ಎಂದು ಅಲ್ಲಿ ಸರಪಳಿ ಕಡಿದರು. ನಾನು ಇಂದಿಗೂ ಒಪ್ಪಿಲ್ಲ. ಯಾವುದು ದೂರ? ನಮ್ಮ ಮನೆಯಿಂದ ಧಾರವಾಡಕ್ಕೆ ಎಷ್ಟು ಬಸ್ಸು ಬೇಕು? ಆ ಕಿಟಕಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾನೂನಿಗೆ ಕಾಣದಿದ್ದರೆ ಕಾನೂನು ಕನ್ನಡಕ ಹಾಕಿಕೊಳ್ಳಲಿ.

ಆದರೆ ಕೈಯ ಮಾತಿನಲ್ಲಿ ನ್ಯಾಯಾಧೀಶರು ನಮ್ಮ ಕಡೆಗೇ ಬರೆದಿದ್ದರು. ಗುತ್ತಿಗೆದಾರ ಮೇಲಿನ ಕೋರ್ಟಿಗೆ ಹೋಗುತ್ತಾನೆ ಎಂದು ಸುದ್ದಿ. ಹೋಗಲಿ. ಹುಬ್ಬಳ್ಳಿಯಲ್ಲಿ ಹೇಳಿದ್ದನ್ನು ಧಾರವಾಡದಲ್ಲೂ ಹೇಳುತ್ತೇನೆ, ನನ್ನ ನಾಲಿಗೆ ಮುರಿದಿಲ್ಲ.

ತೀರ್ಪಿನ ಪ್ರತಿ ತಂದ ಸಂಜೆ ಅತ್ತೆಯ ಮುಂದೆ ಕೂತು ಆ ಭಾಗವನ್ನು ಓದಿದೆ. ಒಬ್ಬರ ನಿರ್ಲಕ್ಷ್ಯದಿಂದ ಗಾಯಗೊಂಡವರು ನೋವಿನಲ್ಲಿ ತಮ್ಮ ಸೀಮೆಯ ಜನ ಮಾಡುವಂತೆಯೇ ಮಾಡಿದರೆ ಅದರಿಂದ ಮೊದಲಿನವನ ಹೊಣೆ ಕಳಚಿಹೋಗುವುದಿಲ್ಲ. ವಾದಿಯ ಬಲಗೈಯ ಊನಕ್ಕೆ ಕಾರಣ ಪ್ರತಿವಾದಿ ತೆರೆದು ಬಿಟ್ಟ ಗುಂಡಿಯೇ ಹೊರತು ಆಕೆಯ ಮನೆಯವರಲ್ಲ. ಕಾಗದದ ಭಾಷೆ ಅವರಿಗೆ ಅರ್ಥವಾಗಲಿ ಎಂದು ಮೆಲ್ಲಗೆ ಓದಿದೆ.

“ಇನ್ನೊಮ್ಮಿ ಓದು” ಎಂದರು.

ಓದಿದೆ.

“ಮನ್ಯಾಗಿನಾವ್ರು ಅಲ್ಲ ಅಂತ ಐತಿ?”

“ಅಲ್ಲ ಅಂತ ಐತ್ರಿ.”

“ಗುಂಡಿ ಅಂತ ಐತಿ?”

“ಗುಂಡಿ ಅಂತನ ಐತ್ರಿ, ಅತ್ತಿ.”

ಹೂಂ ಎಂದರು. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದರು. ಇಷ್ಟೆಲ್ಲ ಬಡಿದಾಡಿದ್ದು ಸಾಲದೇ ಹೋಯಿತೇನೋ ಎಂದು ರಾತ್ರಿ ಆ ಭಾಗವನ್ನು ನಾನೊಬ್ಬಳೇ ಮತ್ತೆ ಓದಿಕೊಂಡೆ.

ಮರುದಿನ ಮುಂಜಾನೆ ಎಂದಿನಂತೆ ಎಡಗೈಯಲ್ಲಿ ಬಡಿದು, ಬಲಗೈಯ ಆಸರೆ ಕೊಟ್ಟು, ಹೇಗೋ ಎತ್ತಿ ಹಂಚಿಗೆ ಹಾಕಿದೆ. ಸುಟ್ಟ ಮೊದಲ ರೊಟ್ಟಿಯನ್ನು ಅತ್ತೆಯ ತಾಟಿಗೆ ಇಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿದರು. ಕಿಟಕಿಯ ಕಡೆ ತಿರುಗಿದರು. ಬೆಳಕಿಗೆ ಹಿಡಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು, ಅಂಚನ್ನು ಉಗುರಿನಿಂದ ಕೆದರಿದರು. ನಾನು ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿದ್ದೆ.

“ಕೈ ಮುರದದ್ದು ಗುಂಡಿ, ಖರೇ” ಎಂದರು. “ಹಿಟ್ಟ ಇಷ್ಟ ಗಂಟಗಂಟ ನಾದಿದ್ದು ಯಾರು? ಅದೂ ಗುಂಡೀನs ಏನ?”

ಹೊಗೆ ಕಣ್ಣಿಗೆ ಹೋಯಿತು ಎಂದು ನೆಪ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ನಮ್ಮದು ಗ್ಯಾಸ್ ಒಲೆ.

“ಅಲ್ಲರಿ, ಅತ್ತಿ” ಎಂದೆ. “ಅದು ನಾನs.”